ವಿಲಿಕೇಸನ ಗಡ್ಡ ಮತ್ತು ಹಡಗಿನ ತೊಟ್ಟಿ

೧.
ಒಂದಾನೊಂದು ಕಾಲದಲ್ಲಿ ಒಂದು ಹಡಗಿನ ಹೊಟ್ಟೆಯೊಳಗಿನ ಉಕ್ಕಿನ ತೊಟ್ಟಿಯಲ್ಲಿ ತುಕ್ಕು ಎಂಬ ರಾಕ್ಷಸನಿದ್ದ.

(ಹೀಗೆ ಶುರುಮಾಡಬಹುದೇ? ಅಜ್ಜಿಯ ಕಥೆಗಳ ರಾಕ್ಷಸರಿಗೆ ಬಾಯಿ ಇರುತ್ತಿತ್ತು, ಇವನಿಗಿಲ್ಲ. ಸೇಫ್ಟಿ ಪಾಠದಂತೆ ಶುರುಮಾಡಿದರೆ ನೀವು ಆಕಳಿಸುತ್ತೀರಿ. ರಾಕ್ಷಸನೇ ಇರಲಿ.)

ಸುವಾ ಎಂಬ ದ್ವೀಪನಗರದ ಹಡಗುಕಟ್ಟೆಯಲ್ಲಿ ಅವನನ್ನು ಕೆರೆದು ತೆಗೆಯಬಲ್ಲವನು ವಿಲಿಕೇಸ. ಪೈಪಿನಿಂದ ಒರಟು ಪುಡಿಯನ್ನು ರಭಸವಾಗಿ ಎರಚಿದರೆ ತುಕ್ಕು ಉದುರುತ್ತದೆ, ಧೂಳು ಏಳುತ್ತದೆ. ಎದೆಗಿಳಿದ ಧೂಳು ಹೊರಗೆ ಬರುವುದಿಲ್ಲ. ಅದಕ್ಕೇ ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್; ಗಡ್ಡವಿದ್ದರೆ ಅದು ಕೂರದು. ಆದರೆ ಅವನ ದೊಡ್ಡಪ್ಪ ತೀರಿಕೊಂಡಿದ್ದಾರೆ. ನೂರನೆಯ ರಾತ್ರಿಯ ಶಾಸ್ತ್ರ ಮುಗಿಯುವವರೆಗೆ ಅವನ ಗಡ್ಡಕ್ಕೆ ಕತ್ತಿ ತಾಗುವಂತಿಲ್ಲ. ಆ ಶಾಸ್ತ್ರಕ್ಕೆ ಮನೆಮಂದಿಯನ್ನೆಲ್ಲ ದ್ವೀಪಕ್ಕೆ ಒಯ್ಯಬೇಕಾದದ್ದು ಇದೇ ಹಡಗು. ತೊಟ್ಟಿ ಶುದ್ಧವಾಗದೆ ಅದು ಕದಲುವುದಿಲ್ಲ.

ತೊಟ್ಟಿ ಶುದ್ಧವಾಗುವ ತನಕ ನಾನು ಕಥೆ ನಿಲ್ಲಿಸುವುದಿಲ್ಲ. ಮಾತು ಕೊಟ್ಟೆ.

೨.
ವಿಲಿಕೇಸ ಗಡ್ಡ ಬೋಳಿಸಿಕೊಂಡ. ಕೆಲಸ ಮುಗಿಯಿತು.

ಇಷ್ಟು ಬರೆದಿದ್ದೆ. ಅವನು ಪುಟದೊಳಗಿಂದ ನನ್ನನ್ನೇ ದಿಟ್ಟಿಸಿ, "ಸತ್ತಿದ್ದು ನಿನ್ನ ದೊಡ್ಡಪ್ಪ ಆಗಿದ್ರೆ ಹೀಗೇ ಬರೀತಿದ್ಯೇನಮ್ಮ?" ಅಂದ.

ಆ ಸಾಲನ್ನು ಹೊಡೆದುಹಾಕಿದೆ.

೪.
(ಮೂರು ಎಲ್ಲಿ ಎನ್ನಬೇಡಿ. ಮೂರರಲ್ಲಿ ಅವನು ಗಡ್ಡಕ್ಕೆ ತೆಂಗಿನೆಣ್ಣೆ ಮೆತ್ತಿ ಮಾಸ್ಕ್ ಅಂಟಿಸಲು ಹೋದ. ಅದು ಜಾರಿ ಕುತ್ತಿಗೆಗೆ ಬಂತು. ನಾಯಕನ ಮರ್ಯಾದೆಗಾಗಿ ಹರಿದೆ.)

ಸೇಫ್ಟಿ ನೋಡಿಕೊಳ್ಳುವವಳು ರನಾದಿ. ಅವಳ ದ್ವೀಪದವರಿಗೂ ಇವನ ದ್ವೀಪದವರಿಗೂ ಪರಸ್ಪರ ಹೀಯಾಳಿಸುವ ಹಕ್ಕು ಹಿರಿಯರಿಂದ ಬಂದದ್ದು, ಬೇಸರಪಟ್ಟವರು ಸೋತಂತೆ. ಗಡ್ಡವಿದ್ದರೆ ಮಾಸ್ಕ್ ಸೋರುತ್ತದೆ, ಇಳಿಯಕೂಡದು ಎಂದಳು. ಅವನು ಪಟ್ಟು ಬಿಡಲಿಲ್ಲ. ಸರಿ, ಅವನ ನಾಲಿಗೆಗೇ ತೋರಿಸೋಣವೆಂದು ಮಾಸ್ಕಿನ ಮೇಲೊಂದು ಮುಸುಕು ಹೊದಿಸಿ, ಅದರೊಳಗೆ ಕಹಿದ್ರವ ಸಿಂಪಡಿಸಿದಳು. ಸೋರಿದರೆ ಬಾಯಿ ಕಹಿಯಾಗಬೇಕು. ಆಗಲಿಲ್ಲ. ವಿಲಿಕೇಸ ಎದೆಯುಬ್ಬಿಸಿದ. ನಾನೂ ಮುಕ್ತಾಯ ಬರೆಯಲು ಪೆನ್ನೆತ್ತಿದೆ.

ರನಾದಿ ಇಬ್ಬರನ್ನೂ ತಡೆದಳು. ಮಾಸ್ಕ್ ತೆಗೆಸಿ ಬರಿಮುಖಕ್ಕೇ ಸಿಂಪಡಿಸಿದಳು. ಆಗಲೂ ಕಹಿಯಿಲ್ಲ.

"ಎಷ್ಟು ಬಟ್ಟಲು ಯಂಗೋನ ಇಳಿಸ್ಕೊಂಡು ಬಂದಿದ್ದೀಯೋ, ಬಾವಲಿ ತಿನ್ನೋನೇ?"

ಹಿಂದಿನ ರಾತ್ರಿ ಶಾಸ್ತ್ರದ ಮಾತುಕತೆಗೆ ಕೂತಲ್ಲಿ ಬಟ್ಟಲು ಸುತ್ತುತ್ತಲೇ ಇತ್ತು. ಯಂಗೋನವೆಂಬ ಆ ಬೇರಿನ ರಸಕ್ಕೆ ನಾಲಿಗೆ ಮರಗಟ್ಟುತ್ತದೆ.

"ನಿಮ್ಮೋರು ಕುಡಿಯೋದಕ್ಕಿಂತ ಕಮ್ಮಿನೇ," ಎಂದ.

ಮರುದಿನ ಏನೂ ಕುಡಿಯದೆ ಬಂದ. ಮಾಸ್ಕಿನೊಳಗೆ ಕಹಿ ನುಗ್ಗಿ, ಉಗುಳಲು ಓಡಿದ. ವಾಪಸ್ ಬಂದವನು ಹಡಗಿನ ಕಡೆ ಮುಖ ಮಾಡಿ ಕೂತ.

೫.
(ಬದಲಿ ಮುಕ್ತಾಯ: ಸೋರುವ ಮಾಸ್ಕಿನಲ್ಲೇ ಅವನು ಧೀರನಾಗಿ ತೊಟ್ಟಿಗಿಳಿಯುತ್ತಾನೆ. ವೀರರಸ! ರನಾದಿ ಓದಿ ಹೇಳಿದಳು: "ಬರ‍್ಕೋ ತಾಯಿ. ಆಮೇಲೆ ಕೆಮ್ಮೋದು ಇವನು ತಾನೇ.")

ಅವಳು ಬೇರೊಂದು ಕಟ್ಟೆಗೆ ಹೋಗಿ, ತಲೆಯಿಂದ ಎದೆಯವರೆಗೆ ಸಡಿಲವಾಗಿ ಇಳಿಬೀಳುವ ಹೆಲ್ಮೆಟ್ಟೊಂದನ್ನು ಕೇಳಿ ತಂದಳು. ಹೊರಗಿನ ಶುದ್ಧ ಗಾಳಿ ಕೊಳವೆಯಲ್ಲಿ ಬಂದು ಧೂಳನ್ನು ಒಳಗಿಂದ ಹೊರಕ್ಕೆ ತಳ್ಳುತ್ತಿರುತ್ತದೆ; ಅದಕ್ಕೆ ಗಡ್ಡದ ಗೊಡವೆಯಿಲ್ಲ.

ವಿಲಿಕೇಸ ಇಳಿದ. ಇಳಿದವನೇ ಮೇಲೆ ಬಂದ. ಡೀಸೆಲ್ ವಾಸನೆ. ಮೇಲೆ ಆ ಕೊಳವೆಗೆ ಗಾಳಿಯೆಳೆಯುವ ಯಂತ್ರದ ಪಕ್ಕದಲ್ಲೇ ಲಾರಿಯೊಂದು ಹೊಗೆಯುಗುಳುತ್ತಿತ್ತು.

"ಹೇಡಿ ಅನ್ನಲ್ವಾ?" ಎಂದು ರನಾದಿಯನ್ನು ಕೇಳಿದ.

"ವಾಸನೆ ಬಂದ ತಕ್ಷಣ ಹೊರಗೆ ಬಂದ್ಯಲ್ಲ. ನಿಮ್ಮ ದ್ವೀಪದಲ್ಲಿ ಮೊದಲ ಬುದ್ಧಿವಂತ ನೀನೇ."

ಲಾರಿಯನ್ನು ದೂರ ಓಡಿಸಿ, ಯಂತ್ರವನ್ನು ಸಮುದ್ರದ ಗಾಳಿಗೆ ಎದುರಾಗಿ ಇಟ್ಟರು. ಅವನು ಮತ್ತೆ ಇಳಿದ. ಆಮೇಲೆ ಕೇಳಿಸಿದ್ದು ರಾಕ್ಷಸನ ಕೂಗೇ. (ಬಾಯಿ ಇತ್ತು ಅವನಿಗೆ; ನನ್ನದೇ ತಪ್ಪು.)

ಹೊರಬಂದಾಗ ಮೈಯೆಲ್ಲ ಬೂದಿ. ಮೈಮೇಲಿನ ಧೂಳು ತೊಳೆದ ಮೇಲೆ ಹೆಲ್ಮೆಟ್ ತೆಗೆದ. ಗಡ್ಡ ಕಪ್ಪಗೆ ಮಿರುಗುತ್ತಿತ್ತು. ರನಾದಿ ಬಿಳಿ ಬಟ್ಟೆ ಕೊಟ್ಟು ಮೂಗು ಸೀಟು ಎಂದಳು. ಸೀಟಿದ. ಧೂಳಿನ ಒಂದು ಕಲೆಯೂ ಇಲ್ಲ. ಬಾವುಟದಂತೆ ಅದನ್ನೆತ್ತಿ ಆಡಿಸಿದ. ಇಡೀ ಕಟ್ಟೆ ಹೋ ಎಂದಿತು.

ಹಡಗು ಹೊರಟಿತೇ? ಅಲೆಗಳು ದಾರಿ ಬಿಟ್ಟವೇ? ಗಡ್ಡ ಇಳಿಸಿದ್ದು ಯಾರು? ಕೇಳಬೇಡಿ, ಅವು ನನ್ನ ಕೈಯಲ್ಲಿಲ್ಲ. ತೊಟ್ಟಿ ಶುದ್ಧವಾಗಿದೆ. ವಿಲಿಕೇಸ ಹೊರಗಿನಿಂದಲೇ ಅದರ ಗೋಡೆಗೆ ಸುತ್ತಿಗೆಯಿಂದ ಒಮ್ಮೆ ಬಡಿದ. ಉಕ್ಕು ಗಂಟೆಯಂತೆ ನುಡಿಯಿತು. ಇನ್ನೂ ನುಡಿಯುತ್ತಿದೆ.