ಟೇಪಿನ ಆ ತುದಿ

ವಿಭೂತಿಗಟ್ಟಿ ಕುಟ್ಟುತ್ತಿದ್ದ ನಾಜಿಯಾಳ ಮಡಿಲಲ್ಲಿ ಫೋನು ಮತ್ತೆ ಗುಂಯ್‌ಗುಟ್ಟಿತು. ಅಂಗೈ ಬೆಳ್ಳಗಾಗಿತ್ತು. ಮುಂಗೈಯಿಂದಲೇ ಒತ್ತಿ, ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಅಂಗಳಕ್ಕೆ ಎದ್ದು ಬಂದಳು. ಸಾಬರ ಹುಡುಗಿ ವಿಭೂತಿ ಕುಟ್ಟುವುದನ್ನು ಕಂಡು ಬೆಳಗಿನಿಂದ ಮೂತಿ ಉದ್ದ ಮಾಡಿದ್ದ ಮುದುಕಿಯೊಬ್ಬರು, ಎದ್ದು ಹೋದದ್ದಕ್ಕೂ ಮೂತಿ ಉದ್ದ ಮಾಡಿದರು.

“ಮೇಡಂ, ನಾನು ಸುಭಾಷ, ಮಂಚಿಕೇರಿಯಿಂದ,” ಎಂದ ಕಾಡು ಕಾಯುವವ. “ರಾತ್ರಿ ಗಾಳಿಗೆ ನಮ್ಮ ದೊಡ್ಡ ಮತ್ತಿಮರ ಬಿತ್ತು. ದಾರಿಗೇ ಅಡ್ಡ.”

“ಮುಟ್ಟಬೇಡಿ!”

“ಕಡೀದಿದ್ರೆ ನಾವು ಅಲ್ಲಿಗೆ ಬರುದು ಹ್ಯಾಂಗೆ? ವಾಣಿಶ್ರೀ ಮೇಡಮ್ಮಂದು ಮಣ್ಣು ಅಂತ ಜೀಪು ತುಂಬ ಜನ ಹೊರಟು ನಿಂತಿದ್ದಾರೆ. ಗರಗಸದವರೂ ಬಂದಾಯ್ತು.”

ನಾಜಿಯಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಉಸಿರು ನಿಂತ ಮೇಲೆ ಒಳಗೆ ಗೋಡೆಗೆ ಒರಗಿಸಿ ಕೂರಿಸಿದ್ದ ವಾಣಿಶ್ರೀ ಅರ್ಧ ಆಯುಷ್ಯ ಕಳೆದದ್ದೇ ಬಿದ್ದ ಮರಗಳ ಹಿಂದೆ. ಗಾಳಿಗೆ ಮರ ಬೀಳುವುದು ಕಾಡಿಗೆ ಹೊಸದೇನಲ್ಲ. ಬಿದ್ದಲ್ಲಿ ಬಿಸಿಲು ಇಳಿಯುತ್ತದೆ, ನೆರಳಲ್ಲಿ ಕುಂಟುತ್ತಿದ್ದ ಸಸಿಗಳು ತಲೆಯೆತ್ತುತ್ತವೆ. ಆದರೆ ಬೇಸಿಗೆಯ ಕಾವು ಏರಿದಂತೆ ಮಳೆಗಾಲಕ್ಕೆ ಮುಂಚಿನ ಗಾಳಿಗೂ ಹುಚ್ಚು ಹಿಡಿಯುತ್ತಿದೆ, ಒಂದು ಜಾಗ ತುಂಬುವ ಮೊದಲೇ ಪಕ್ಕದ್ದು ಬರಿದಾಗುತ್ತಿದೆ ಎಂಬುದು ಅವರ ಗುಮಾನಿ. ಅದನ್ನು ಗಟ್ಟಿ ಮಾಡಿಕೊಳ್ಳಲು ಬಿದ್ದ ಮರವನ್ನು ಬಿದ್ದ ಹಾಗೆಯೇ ಅಳೆಯಬೇಕು. ಯಾವ ದಿಕ್ಕಿಗೆ ಬಿತ್ತು, ನಡು ಮುರಿಯಿತೋ ಬುಡ ಕಿತ್ತಿತೋ, ಬೀಳುವಾಗ ಯಾರ್‍ಯಾರನ್ನು ಎಳೆದುಕೊಂಡು ಬಿತ್ತು. ಗರಗಸ ಆಡಿದ ಮೇಲೆ ಅದು ಬರೀ ಸೌದೆ.

ಆ ಕಾಡಿನ ತುಂಡಿಗೆಲ್ಲ ಹಿರಿಯದು ಈ ಮತ್ತಿ. ಅದರ ಬುಡದಲ್ಲಿ ಬುತ್ತಿ ಬಿಚ್ಚುವಾಗಲೆಲ್ಲ ವಾಣಿಶ್ರೀ, “ನಾನು ಇರೂವಾಗಲೇ ಬೀಳು ಮಾರಾಯಾ, ಬೇರೆಯವರು ಸರಿ ಅಳೆಯೂದಿಲ್ಲ,” ಎಂದು ಅದನ್ನು ಗದರುತ್ತಿದ್ದರು. ನಿನ್ನೆ ಬೆಳಿಗ್ಗೆ ಶಿರಸಿಯ ಮನೆಯಲ್ಲಿ ಎದೆ ಹಿಡಿದುಕೊಂಡು ಅವರು ಹೋದರು. ರಾತ್ರಿ ಮರ ಬಿತ್ತು. ಹಾಳಾದ್ದು, ಒಂದು ದಿನ ಮುಂಚೆ ಬೀಳಬಾರದಿತ್ತೇ ಎಂದು ನಾಜಿಯಾಳಿಗೆ ಮರದ ಮೇಲೇ ಸಿಟ್ಟು ಬಂತು.

“ಸುಭಾಷಣ್ಣ, ಕೈಮುಗೀತೇನೆ. ನೀವು ಯಾರೂ ಬರುದು ಬೇಡ. ನಾನೇ ಬರ್ತೇನೆ, ಅಲ್ಲೀವರೆಗೆ ಮರ ಕಾಯಿರಿ.”

“ಸಂಜೆ ಹಾಲಿನ ಗಾಡಿ ಬರೂವರೆಗೆ ಕಾಯ್ತೆ. ಆಮೇಲೆ ನನ್ನ ಮಾತು ಯಾರೂ ಕೇಳೂದಿಲ್ಲ.”

ಫೋನು ಇಳಿಸಿ ತಿರುಗಿದರೆ ಹಿಂದೆ ನಾಗಪ್ಪ. ವಾಣಿಶ್ರೀಯ ಅಣ್ಣ. ಬನವಾಸಿ ಕಡೆಯ ಈ ತವರಿಗೆ ತಂಗಿಯನ್ನು ನಿನ್ನೆ ಸಂಜೆ ತಾವೇ ಹೋಗಿ ತಂದವರು.

“ಎಲ್ಲಿಗೆ ಬರ್ತೀನಿ ಅಂದಿ?”

“ಎಲ್ಲಿಗೂ ಇಲ್ಲ ಕಾಕಾ.”

“ರಾತ್ರಿ ಗಾಳಿ ಬೀಸಿದ್ದು ನಾನೂ ಕೇಳೀನವ್ವಾ. ಅಕಿಗೆ ಹೊಟ್ಟಿಲೆ ಹುಟ್ಟಿದವ್ರು ಯಾರೂ ಇಲ್ಲ. ನೀನರ ಮಣ್ಣು ಮುಗಿಯೂ ತನಕ ಇರು. ಅಕಿ ಮಾಡಿದಂಗ ಮಾಡಬ್ಯಾಡ.”

“ಇರ್ತೀನಿ,” ಎಂದಳು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

*

ಯಲ್ಲಾಪುರದ ಲಾರಿ ಮಕ್ಬೂಲರ ಮಗಳು ಕಾಡಿಗೆ ಹೋಗಿ ಬಿದ್ದ ಮರ ಅಳೆಯುತ್ತಾಳಂತೆ ಎಂದು ಪೇಟೆ ಇನ್ನೂ ನಗುತ್ತಿದ್ದ ಕಾಲ. ನಾಜಿಯಾ ಆಗಷ್ಟೇ ವಾಣಿಶ್ರೀಯ ಕೈಕೆಳಗೆ ಕೆಲಸಕ್ಕೆ ಸೇರಿದ್ದಳು. ವಾಣಿಶ್ರೀಯ ತಾಯಿ ನೀಲಗಂಗವ್ವ ತೀರಿಕೊಂಡ ದಿನವೂ ಹೀಗೇ, ಹಿಂದಿನ ರಾತ್ರಿ ಗಾಳಿ ಬೀಸಿತ್ತು.

ಅವತ್ತು ವಾಣಿಶ್ರೀ ತಾಯಿಯ ಸಮಾಧಿಗೆ ಒಂದು ಹಿಡಿ ಮಣ್ಣು ಹಾಕಿದರು. ಉಳಿದವರು ಇನ್ನೂ ಮಣ್ಣು ಎಳೆಯುತ್ತಿದ್ದಂತೆಯೇ ನಾಜಿಯಾಳಿಗೆ ಕಣ್ಣಿನಲ್ಲೇ ಸನ್ನೆ ಮಾಡಿ, ಬಿದ್ದ ಮರ ಅಳೆಯಲು ಜೀಪು ಹತ್ತಿದರು. ಸಲಿಕೆ ಹಿಡಿದು ನಿಂತಿದ್ದ ನಾಗಪ್ಪ ನೋಡುತ್ತಲೇ ಇದ್ದರು. ಅಂದಿನಿಂದ ಅಣ್ಣತಂಗಿಗೆ ಮಾತಿಲ್ಲ.

ಕಾಡಿನಲ್ಲಿ ಟೇಪಿನ ಸೊನ್ನೆಯ ತುದಿಯನ್ನು ಬುಡಕ್ಕೆ ಹಿಡಿಯುವವರು ಯಾವಾಗಲೂ ವಾಣಿಶ್ರೀಯೇ. ಸುರುಳಿ ಬಿಚ್ಚಿಕೊಂಡು ಮರದ ನೆತ್ತಿಯ ಕಡೆ ಓಡುವವಳು ನಾಜಿಯಾ. ಅವತ್ತು ಎಷ್ಟು ಕಣ್ಣರಳಿಸಿದರೂ ಅಂಕಿ ಕುಣಿಯುತ್ತಿತ್ತು. “ಮೇಡಂ, ಟೇಪು ಅಲುಗಾಡಿಸಬೇಡಿ, ಕಾಣ್ತಾ ಇಲ್ಲ!” ಎಂದು ಅವಳು ಗಂಟಲು ಹರಿಯುವಂತೆ ಕೂಗಿದ್ದಳು.

ಬೇರಿನ ಮರೆಯಲ್ಲಿ ವಾಣಿಶ್ರೀಯ ಬಾಗಿದ ಬೆನ್ನಷ್ಟೇ ಕಂಡಿತು. ಸ್ವಲ್ಪ ಹೊತ್ತಿಗೆ ಟೇಪು ನಿಂತಿತು. ಅವಳು ಅಂಕಿ ಓದಿ ಬರೆದುಕೊಂಡಳು.

*

ಹೊಲದ ಅಂಚಿನ ಕುಣಿಯೊಳಗೆ ವಾಣಿಶ್ರೀಯನ್ನು ಕೂರಿಸಿದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಬಿಲ್ವಪತ್ರೆ. ಕನ್ನಡಕ ತೆಗೆದಿದ್ದರಿಂದ ನಾಜಿಯಾಳಿಗೆ ಗುರುತೇ ಸಿಗಲಿಲ್ಲ. ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ; ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ಹೊತ್ತು ನೋಡಿದಳು, ಫೋನು ನೋಡಿದಳು, ಮತ್ತೆ ಹೊತ್ತು ನೋಡಿದಳು.

“ಅಷ್ಟು ಓದಿದ್ರೂ, ಈ ವರ್ಷ ಮಳಿ ಹೆಂಗ ಅಂತ ಕೇಳಿದ್ರ ‘ಗೊತ್ತಿಲ್ಲರಿ’ ಅಂತಿದ್ಲು,” ಹಿಂದೆ ಹೆಂಗಸೊಬ್ಬಳ ಪಿಸುಮಾತು.

“ಮತ್ತ ಏನ ಓದಿದ್ಲಂತ?”

“ಯಾರಿಗೆ ಗೊತ್ತು. ನಮ್ಮ ಹಿತ್ತಲದಾಗ ಮಾವಿನಗಿಡ ಬಿದ್ದಾಗ ಬಂದಿದ್ಲು. ಅಯ್ಯೋ ಅನ್ನಲಿಲ್ಲ ನೋಡು. ಯಾವ ದಿಕ್ಕಿಗೆ ಬಿತ್ತು ಅಂದ್ಲು!”

ನಾಜಿಯಾಳಿಗೆ ನಗು ಉಕ್ಕಿತು, ಅದರ ಹಿಂದೆಯೇ ಅಳು. ಓಡಿಬಿಡಬೇಕು ಎನಿಸಿತು. ಮೇಡಂ ಬದುಕಿದ್ದರೆ ಓಡು ಎಂದೇ ಅನ್ನುತ್ತಿದ್ದರು. ಆದರೆ ಎದುರಿಗೆ ನಾಗಪ್ಪ ಸಲಿಕೆಯಿಂದ ಮಣ್ಣು ಎಳೆಯುತ್ತಿದ್ದರು, ಪ್ರತಿ ಸಲಿಕೆಗೂ ತಲೆಯೆತ್ತಿ ಇವಳು ಇದ್ದಾಳೋ ಇಲ್ಲವೋ ಎಂದು ನೋಡುತ್ತಿದ್ದರು. ಅವಳು ಇದ್ದಳು. ಮಣ್ಣು ತುಂಬಿ, ದಿಬ್ಬ ತಟ್ಟಿ, ಕರ್ಪೂರ ಉರಿದು ಆರುವವರೆಗೂ ಹಲ್ಲು ಕಚ್ಚಿಕೊಂಡು ಇದ್ದಳು.

ಜನ ಸ್ನಾನಕ್ಕೆಂದು ಬಾವಿಯ ಕಡೆ ತಿರುಗಿದ್ದೇ ತಡ, ಜೀಪಿನತ್ತ ಓಡಿದಳು. ಚಾವಿ ತಿರುಗಿಸುವಷ್ಟರಲ್ಲಿ ಪಕ್ಕದ ಬಾಗಿಲು ತೆರೆಯಿತು. ಮಣ್ಣುಗಾಲಿನಲ್ಲೇ ನಾಗಪ್ಪ ಹತ್ತಿ ಕುಳಿತರು.

“ಕಾಕಾ, ನಾನು ಹೇಳಿದಂಗೆ ಇದ್ದೆ...”

“ಇದ್ದಿ. ಇಲ್ಲಾ ಅಂದೆನೇನು? ನಡಿ.”

“ಅಯ್ಯ, ಜಳಕಾ ಮಾಡದ ಎಲ್ಲಿಗೆ ಹೊಂಟ್ರಿ?” ಎಂದು ಬಾವಿಕಟ್ಟೆಯಿಂದ ಯಾರೋ ಕೂಗಿದರು. ನಾಗಪ್ಪ ಆ ಕಡೆ ತಿರುಗಲಿಲ್ಲ.

“ನಮ್ಮವ್ವನ ಮಣ್ಣು ಬಿಟ್ಟು ಹೋಗೂವಂಥಾದ್ದು ಅಲ್ಲೇನಿತ್ತು? ಇವತ್ತ ನೋಡೇ ಬಿಡ್ತೀನಿ.”

ದನಿಯಲ್ಲಿ ಮರುಕವೇನೂ ಇರಲಿಲ್ಲ, ಇದ್ದದ್ದು ಹಳೆಯ ಸಿಟ್ಟು. ಜೀಪು ಶಿರಸಿ ದಾಟಿ ಮಂಚಿಕೇರಿಯ ಕಡೆ ತಿರುಗಿತು.

*

ಗರಗಸದ ಎಂಜಿನ್ನಿನ ಸದ್ದು ದೂರಕ್ಕೇ ಕೇಳಿತು. ನಾಜಿಯಾ ಜೀಪನ್ನು ಅಡ್ಡಾದಿಡ್ಡಿ ನಿಲ್ಲಿಸಿ ಓಡಿದಳು. ಪುಣ್ಯಕ್ಕೆ, ಕಡಿದದ್ದು ಎರಡು ಸಣ್ಣ ರೆಂಬೆ. ಬೊಡ್ಡೆಯ ಮೇಲೆ ಸುಭಾಷ ಕಾಲು ಚಾಚಿ ಕುಳಿತುಬಿಟ್ಟಿದ್ದ, ಏಳಿಸಿದರೂ ಏಳದೆ. ಆಚೆ ಬದಿಯಲ್ಲಿ ಹಾಲಿನ ಗಾಡಿಯವ ಹಾಲು ಒಡೆಯುತ್ತದೆಂದು ಎಲ್ಲರ ವಂಶವನ್ನೂ ಬೈಯುತ್ತಿದ್ದ.

ಮತ್ತಿ ಬುಡಸಮೇತ ಕಿತ್ತು ಬಿದ್ದಿತ್ತು. ಬೇರಿನ ಬೇಲಿ ಆಳೆತ್ತರಕ್ಕೆ ಎದ್ದು ನಿಂತಿತ್ತು, ಅದರ ಕೆಳಗೆ ಹಸಿಮಣ್ಣಿನ ಕುಣಿ. ವರ್ಷಾನುಗಟ್ಟಲೆ ಬಿಸಿಲು ಕಾಣದ ನೆಲದ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು.

ನಾಗಪ್ಪ ಕುಣಿಯ ಅಂಚಿನಲ್ಲಿ ನಿಂತು ಬಹಳ ಹೊತ್ತು ಕೆಳಗೆ ನೋಡಿದರು.

ನಾಜಿಯಾ ಟೇಪು ತೆಗೆದಳು. ಹಿಡಿಯಲು ಸುಭಾಷ ಎದ್ದು ಬಂದ. ಅವನಿಗಿಂತ ಮುಂಚೆ ನಾಗಪ್ಪ ಕೈ ಚಾಚಿದ್ದರು. “ಅಕಿ ಎಲ್ಲಿ ಇರ್ತಿದ್ಲು?”

“ಬುಡಕ್ಕೆ, ಕಾಕಾ. ಸೊನ್ನೆ ಅಲ್ಲಿ ಹಿಡೀಬೇಕು. ಕೂತು ಹಿಡೀತಿದ್ರು.”

ಅವರು ಕುಣಿಗೆ ಇಳಿದು, ಬೇರಿಗೆ ಮೊಳಕಾಲು ಊರಿ ಕುಳಿತರು. ಉಗುರು ಸಂದಿಯ ಬನವಾಸಿಯ ಮಣ್ಣು ಇನ್ನೂ ಹೋಗಿರಲಿಲ್ಲ. ಆ ಎರಡೂ ಕೈಯಿಂದ ಟೇಪಿನ ತುದಿಯನ್ನು ಬುಡಕ್ಕೆ ಒತ್ತಿ ಹಿಡಿದರು.

ನಾಜಿಯಾ ಸುರುಳಿ ಬಿಚ್ಚುತ್ತ, ಕೊಂಬೆ ದಾಟುತ್ತ, ಮರದ ನೆತ್ತಿಯವರೆಗೆ ಹೋದಳು. ಟೇಪು ಬಿಗಿದು ಬಗ್ಗಿ ನೋಡಿದಳು. ಅಂಕಿ ಕುಣಿಯುತ್ತಿತ್ತು.

“ಅಲುಗಾಡಿಸಬೇಡಿ ಅಂತ ಹೇಳಿ ಮೇಡಂ!” ಸುಭಾಷ ಕೂಗಿದ.

ಹಾಲಿನ ಗಾಡಿ ಹಾರ್ನ್ ಹೊಡೆಯಿತು. ಅವಳು ಕೈಯೆತ್ತಿ ಇಬ್ಬರನ್ನೂ ಸುಮ್ಮನಾಗಿಸಿ, ಟೇಪನ್ನು ಸಡಿಲ ಬಿಡದೆ ಹಿಡಿದುಕೊಂಡು, ಆ ತುದಿ ತಾನಾಗಿ ನಿಲ್ಲುವವರೆಗೆ ಕಾದಳು.