ಅರ್ಧ ಗಂಟೆ ಮುಂದಿನ ಗಡಿಯಾರ

ನಿತ್ಯಾನಂದ ಶೆಟ್ಟರ ಮನೆಯ ಗಡಿಯಾರ ಯಾವಾಗಲೂ ಅರ್ಧ ಗಂಟೆ ಮುಂದೆ ಓಡುತ್ತಿತ್ತು. ಕೆಟ್ಟದ್ದಲ್ಲ, ಮನೆಯವರು ಹೊತ್ತಿಗೆ ಸರಿಯಾಗಿ ಎದ್ದು ಹೊರಡಲಿ ಎಂದು ಅವರೇ ಮುಂದಿಟ್ಟದ್ದು. ಮನೆಯವರೋ, ಗಡಿಯಾರ ನೋಡಿದೊಡನೆ ಮನಸ್ಸಿನಲ್ಲೇ ಅರ್ಧ ಗಂಟೆ ಕಳೆದು ನಿಶ್ಚಿಂತೆಯಿಂದ ಇರುತ್ತಿದ್ದರು.

ಊರಿನ ಕೆಲಸದಲ್ಲೂ ಶೆಟ್ಟರದು ಇದೇ ಉಪಾಯ. ಅಳದಂಗಡಿಯ ಆಚೆಗಿನ ಆ ಹಳ್ಳಿಯ ಶಾಲೆ ಮೂರು ವರ್ಷದಿಂದ ಅವರ ಕೊಟ್ಟಿಗೆಯಲ್ಲಿ ನಡೆಯುತ್ತಿತ್ತು. ಈ ಮಳೆಗಾಲ ಶುರುವಾಗುವುದರೊಳಗೆ ಸ್ವಂತ ಕಟ್ಟಡ ಆಗದಿದ್ದರೆ ಶಾಲೆ ರದ್ದು ಎಂದು ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರು ಖಡಾಖಂಡಿತ ಹೇಳಿದ್ದರು. ರದ್ದಾದರೆ ಮಕ್ಕಳು ಹೊಳೆ ದಾಟಿ ಬೇರೆ ಶಾಲೆಗೆ ಹೋಗಬೇಕು. ಅಂದರೆ ಹೋಗುವುದೇ ಇಲ್ಲ. ಕಟ್ಟಡದ ಉಸ್ತುವಾರಿ ಶೆಟ್ಟರ ತಲೆಗೆ ಬಿತ್ತು.

ಮಣ್ಣಿನ ಗೋಡೆ ಎದ್ದಿತು. ಪತ್ತನಾಜೆ ಬಂತೆಂದರೆ ಭೂತಕೋಲ, ಯಕ್ಷಗಾನದ ಆಟ ಎಲ್ಲ ನಿಂತು ಜನ ಮಳೆಗೆ ಸಿದ್ಧರಾಗುವ ಕಾಲ. ಅಷ್ಟರೊಳಗೆ ಗೋಡೆಯ ಮೇಲೆ ಹೆಂಚಿನ ಮಾಡು ಕೂರಲೇಬೇಕು. ಶೆಟ್ಟರು ಬಡಗಿ ಶೇಷಪ್ಪನಿಗೂ ಬಂಟ್ವಾಳದಿಂದ ಲಾರಿಯಲ್ಲಿ ಹೆಂಚು ತರುವ ಮೂಸಾನಿಗೂ ಅದಕ್ಕಿಂತ ಎಷ್ಟೋ ಮೊದಲಿನ ಗಡುವು ಹೇಳಿದರು. ಇಬ್ಬರೂ ತಲೆಯಾಡಿಸಿದರು. ಶೆಟ್ಟರ ಗಡುವಿಗೆ ಎಷ್ಟು ದಿನ ಸೇರಿಸಿಕೊಳ್ಳಬೇಕೆಂದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ಗಡುವು ದಾಟಿದಾಗ ಶೇಷಪ್ಪ ಹೆಂಚು ಹೊರುವ ಪಕ್ಕಾಸುಗಳನ್ನು ಅರ್ಧ ಹೊಡೆದಿಟ್ಟು ಮೂಡಬಿದಿರೆಯಲ್ಲಿ ಯಾರದೋ ಬಾಗಿಲು ಕೂರಿಸುತ್ತಿದ್ದ. ಪಡುವಣದಲ್ಲಿ ಮೋಡ ಕಟ್ಟಿತು. ಶೆಟ್ಟರಿಗೆ ತಲೆಕೆಟ್ಟು ಹೋಯಿತು. ಬಂಟ್ವಾಳಕ್ಕೆ ಓಡಿ, ಈ ಸಲ ನಿಜವಾಗಿಯೂ ಅವಸರ ಉಂಟೆಂದು ಮೂಸಾನಿಗೆ ಅಂಗಲಾಚಿದರು.

ಮೂಸಾ ನಕ್ಕ. "ಧನಿಗಳೇ, ನೀವು ಪ್ರತಿಸಲ ಹಾಗೆಯೇ ಹೇಳುವುದಲ್ವಾ? ಬರುವ ವಾರ ಖಂಡಿತ ತರ್ತೇನೆ."

ಮಳೆ ಪತ್ತನಾಜೆಗೆ ಕಾಯಲಿಲ್ಲ. ಎರಡು ದಿನ ಬಿಡದೆ ಹೊಯ್ದು, ಮಾಡು ಇಲ್ಲದ ಶಾಲೆಯ ಪಡುವಣ ಗೋಡೆಯನ್ನು ಕರಗಿಸಿ ಕೆಡವಿತು. ಕೆಸರಿನಲ್ಲಿ ನಿಂತ ಶೆಟ್ಟರು ಶೇಷಪ್ಪನನ್ನು ಬೈದರು, ಮೂಸಾನನ್ನು ಬೈದರು, ಕೊನೆಗೆ ಬೈಯಲಿಕ್ಕೆ ತಾವೊಬ್ಬರೇ ಉಳಿದರು.

ಇನ್ನುಳಿದದ್ದು ಇನ್‌ಸ್ಪೆಕ್ಟರ ಕಾಲು ಹಿಡಿದು ಮತ್ತಷ್ಟು ಸಮಯ ಕೇಳುವುದು. ಅವರು ಮರುದಿನ ಬೆಳಿಗ್ಗೆಯೇ ಬೆಳ್ತಂಗಡಿಯಿಂದ ಮೂಡಬಿದಿರೆಯ ಕ್ಯಾಂಪಿಗೆ ಹೊರಡುವವರು. ಅಲ್ಲಿಂದಲೇ ಶಾಲೆಯ ವರದಿ ಕಳಿಸುತ್ತಾರಂತೆ. ಮೊದಲ ಬಸ್ಸು ಹಿಡಿದರೆ ಮಾತ್ರ ಸಿಗುವುದು. ಆ ಸಂಜೆ ಶೆಟ್ಟರು ಸಿಟ್ಟಿನಲ್ಲಿ ಗಡಿಯಾರದ ಮುಳ್ಳು ಹಿಂದೆ ತಿರುಗಿಸಿ ಸಮಯ ಸರಿ ಮಾಡಿದರು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಆರು ಗಂಟೆಗೆ ಎಬ್ಬಿಸಲು ಹೆಂಡತಿ ಕುಸುಮಳಿಗೆ ಹೇಳಿ ಮಲಗಿದರು.

ಬೆಳಿಗ್ಗೆ ಅವರನ್ನು ಎಬ್ಬಿಸಿದ್ದು ಬಸ್ಸಿನ ಹಾರ್ನು. ಪಂಚೆ ಎತ್ತಿ ಕಟ್ಟಿ ಓಡಿದರು. ಬಸ್ಸು ತಿರುವು ದಾಟಿ ಹೋಗಿತ್ತು. ಮರಳಿ ಬಂದು, ಆರು ಗಂಟೆಗೆ ಎಬ್ಬಿಸೆಂದು ಹೇಳಿರಲಿಲ್ಲವೇ ಎಂದು ಹೆಂಡತಿಯ ಮೇಲೆ ಹರಿಹಾಯ್ದರು.

ಕುಸುಮ ಕಾಫಿಯ ಲೋಟ ಹಿಡಿದು ನಿಂತಿದ್ದಳು. "ಆರೂವರೆ ಆಗಲಿ ಅಂತ ಕಾಯ್ತಿದ್ದೆ. ನಮ್ಮ ಗಡಿಯಾರದಲ್ಲಿ ಆರೂವರೆ ಆದಾಗ ಅಲ್ವಾ ಆರು ಗಂಟೆ?"

"ನಿನ್ನೆ ಸರಿ ಮಾಡಿದ್ದೇನೆ ಮಾರಾಯ್ತಿ."

ಅವಳು ಗಡಿಯಾರವನ್ನೊಮ್ಮೆ ನೋಡಿದಳು, ಗಂಡನನ್ನೊಮ್ಮೆ ನೋಡಿದಳು. "ನೀವು ಹೇಳಿದ್ದರೂ ನಾನು ನಂಬ್ತಿರಲಿಲ್ಲ."

ಶೆಟ್ಟರು ಕಾಫಿ ಮುಟ್ಟಲಿಲ್ಲ. ಕೊಡೆ ಬಿಡಿಸಿಕೊಂಡು ನಡೆದೇ ಬೆಳ್ತಂಗಡಿಯ ದಾರಿ ಹಿಡಿದರು. ತಾವು ತಲುಪುವಾಗ ಇನ್‌ಸ್ಪೆಕ್ಟರು ಅಲ್ಲಿರುವುದಿಲ್ಲವೆಂದು ಅವರಿಗೆ ಗೊತ್ತಿತ್ತು.