ಮೇಡಂ ಅಂದ ಏಳು

ತಮ್ಮನನ್ನು ಲಾಕಪ್ಪಿಗೆ ತಳ್ಳಿದ್ದು ಪೊಲೀಸಿನವರಲ್ಲ, ತನ್ನ ಕಿವಿ ಮತ್ತು ಗಂಡನ ಮೊರದ ಬೂದಿ. ಎರಡು ದಿನದಿಂದ ಮಲ್ಲಾಜಮ್ಮನ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ.

ಗುಂಡ್ಲುಪೇಟೆಯ ಈ ಗಂಡಹೆಂಡಿರನ್ನು ಸುತ್ತಲ ಊರುಗಳಲ್ಲಿ ಅರಿಯದವರಿಲ್ಲ. ಎಲ್ಲಾದರೂ ಕೊಲೆಯಾಯಿತೆಂದರೆ ಜನ ಮೊದಲು ಇವರಿಗೆ ಹೇಳಿಕಳಿಸಿ ಆಮೇಲೆ ಪೊಲೀಸಿಗೆ ಹೋಗುತ್ತಿದ್ದರು. ಸತ್ತವರು ಬಿದ್ದ ಜಾಗದಲ್ಲಿ ಮಲ್ಲಾಜಮ್ಮ ನೆಲಕ್ಕೆ ಕಿವಿಯಿಟ್ಟರೆ ಅವರಾಡಿದ ಕೊನೆಯ ಮಾತು ಕೇಳುತ್ತಿತ್ತು. ಒಂದೇ ಒಂದು ಮಾತು, ಅದರ ಹಿಂದಿನದಿಲ್ಲ. ಆ ಮಾತನ್ನು ಅವಳು ಮೊರದಲ್ಲಿ ಹರವಿದ ಬೂದಿಯ ಮೇಲೆ ಆಡುತ್ತಿದ್ದಳು. ಗಂಡ ಚಿಕ್ಕಮಾದಯ್ಯ ಮೊರವನ್ನು ಮೆಲ್ಲಗೆ ಅಲುಗಿಸುತ್ತಿದ್ದ. ಮಾತು ಯಾರಿಗೆ ಆಡಿದ್ದೋ ಅವರ ಅಂಗೈ ಬೂದಿಯಲ್ಲಿ ಮೂಡುತ್ತಿತ್ತು. ಅಂಗೈ ಯಾರದೋ ಕೊಂದವನು ಅವನೇ ಎಂದು ಹದಿನೈದು ವರ್ಷದಿಂದ ಇವರೂ ನಂಬಿದ್ದರು, ಊರವರೂ ನಂಬಿದ್ದರು. ಪುಣಜನೂರಿನ ಮುದುಕಿಯೊಬ್ಬಳು ಕೊಲೆಯಾದಾಗ ನೆಲದಿಂದ ಬಂದ ಮಾತು ‘ಮಗ’. ಬೂದಿಯಲ್ಲೂ ಮಗ ಕರಿಬಸವಯ್ಯನ ಕೈಯೇ ಮೂಡಿತ್ತು. ಅವನು ಜೈಲು ಸೇರಿ ಏಳು ವರ್ಷವಾಗಿತ್ತು. ಆಮೇಲೆ ಇವರ ಮಾತಿಗೆ ಎದುರಾಡಿದವರಿಲ್ಲ.

ಈಗ ಸತ್ತವಳು ಉಮ್ಮತ್ತೂರಿನ ಶಂಭುಲಿಂಗಪ್ಪನವರ ಸೊಸೆ ಕಾವ್ಯಶ್ರೀ. ಮೈಸೂರಿನಲ್ಲಿ ಹುಟ್ಟಿ ಬೆಳೆದವಳು, ಊರಿನ ಶಾಲೆಗೆ ಮೇಡಂ. ಭಾನುವಾರ ಮಧ್ಯಾಹ್ನ ಮಾವನ ಆಲೆಮನೆಯಲ್ಲಿ ಮಚ್ಚಿನೇಟು ತಿಂದು ಬಿದ್ದಿದ್ದಳು. ಅಲ್ಲೇ ನಾಲ್ಕು ಮಾರು ಆಚೆ, ಕಬ್ಬಿನ ಸಿಪ್ಪೆಯ ಮೇಲೆ, ಮಲ್ಲಾಜಮ್ಮನ ತಮ್ಮ ಶಾಂತರಾಜು ಮೈಮರೆತು ಮಲಗಿದ್ದ. ಹಿಂದಿನ ದಿನವೆಲ್ಲ, ರಾತ್ರಿಯೆಲ್ಲ ಬೆಲ್ಲ ಕಾಯಿಸಿದ ಆಳು ಅವನು. ಮಚ್ಚೂ ಅವನದೇ.

ಮಲ್ಲಾಜಮ್ಮ ಕಿವಿಯಿಟ್ಟಾಗ ನೆಲ ‘ಏಳು’ ಎಂದಿತು. ಆ ಸೀಮೆಯವರ ಬಾಯಲ್ಲಿ ಹಕಾರ ನಿಲ್ಲುವುದೇ ಇಲ್ಲ. ಹೋಗು ಎನ್ನುವುದು ಓಗು, ಹೇಳು ಎನ್ನುವುದು ಏಳು. ಹೆಂಡತಿಯ ಕೊರಳ ಸರ ಕಾಣೆಯಾಗಿತ್ತು, ಆಳನ್ನು ಕೇಳುತ್ತೇನೆಂದು ಹೋದವಳು ಹೀಗಾದಳು ಎಂದು ಅವಳ ಗಂಡ ಸೋಮಶೇಖರ್ ಆಗಲೇ ಅಳುತ್ತಾ ಎಲ್ಲರಿಗೂ ಹೇಳಿಯಾಗಿತ್ತು. ಹಾಗಾಗಿ ಅರ್ಥ ಸಲೀಸಾಗಿ ಕೂತುಬಿಟ್ಟಿತು: ಸರ ಎಲ್ಲಿ, ಹೇಳು. ಬೂದಿಯಲ್ಲಿ ಮೂಡಿದ್ದು ಕಿರುಬೆರಳಿಲ್ಲದ ಎಡಗೈ. ಕಿರುಬೆರಳನ್ನು ಕಬ್ಬಿನ ಗಾಣಕ್ಕೆ ಕೊಟ್ಟವನು ಆ ಊರಲ್ಲಿ ಶಾಂತರಾಜು ಒಬ್ಬನೇ. ಚಿಕ್ಕಮಾದಯ್ಯ ಒಂದು ಗಳಿಗೆ ಹೆಂಡತಿಯ ಮುಖ ನೋಡಿ, ತಲೆ ತಗ್ಗಿಸಿ, ಭಾಮೈದನ ಹೆಸರು ಹೇಳಿಬಿಟ್ಟ. ಅಂದಿನಿಂದ ಅವಳು ಗಂಡನ ಜೊತೆ ಮಾತು ಬಿಟ್ಟಳು.

ಸೋಮವಾರ ಚಾಮರಾಜನಗರದ ಲಾಕಪ್ಪಿನಲ್ಲಿ ತಮ್ಮನನ್ನು ನೋಡಿದಳು. ಯಾರೂ ಅವನ ಮೈ ಮುಟ್ಟಿರಲಿಲ್ಲ. ಮುಟ್ಟಬೇಕಾಗಿಯೂ ಇರಲಿಲ್ಲ.

“ನಿನ್ ಕಿವಿ ಸುಳ್ಳಾಡಕಿಲ್ಲ ಕಣಕ್ಕ,” ಎಂದ. “ನಿದ್ದೆಗಣ್ಣಲ್ಲಿ ನಾನೇ ಮಾಡ್ಬುಟ್ಟಿರ್ಬೇಕು. ನಾಳ ಕೋರ್ಟ್ನಲ್ಲಿ ಒಪ್ಕಂಬುಡ್ತೀನಿ.”

ಅವಳು ಬೇಡಿದಳು, ಬೈದಳು, ಸರಳಿಗೆ ಹಣೆ ಚಚ್ಚಿಕೊಂಡಳು. ಅಕ್ಕನ ವಿದ್ಯೆಯ ಮೇಲೆ ಅವನಿಗಿದ್ದ ನಂಬಿಕೆಯನ್ನು ಅಕ್ಕನೇ ಅಲುಗಿಸಲಾಗಲಿಲ್ಲ. ಎಂಥ ದರಿದ್ರ ವಿದ್ಯೆ ಇದು ಎಂದು ತನ್ನ ಕಿವಿಯನ್ನೇ ಶಪಿಸುತ್ತ ಉಮ್ಮತ್ತೂರಿನ ತವರುಮನೆಗೆ ಬಂದಳು.

ಮಂಗಳವಾರ ಬೆಳಿಗ್ಗೆ, ಕೋರ್ಟಿಗೆ ಹೋಗುವವನಿಗೆ ಒಗೆದ ಅಂಗಿಯಾದರೂ ಇರಲಿ ಎಂದು ತಮ್ಮನ ಟ್ರಂಕು ತೆಗೆದಳು. ಅಂಗಿಯ ಕೆಳಗೆ ಒಂದು ನೋಟ್‌ಬುಕ್ಕು. ಹೋದ ವರ್ಷ ಸಾಕ್ಷರತೆಯ ಕ್ಲಾಸು ನಡೆದಾಗ ಕಾವ್ಯಶ್ರೀ ಮೇಡಂ ಅವನಿಗೆ ಅಕ್ಷರ ಕಲಿಸಿದ್ದಳು. ಮಲ್ಲಾಜಮ್ಮನಿಗೆ ಓದು ಬಾರದು, ಕೆಂಪು ಶಾಯಿ ಮಾತ್ರ ಕಣ್ಣಿಗೆ ಹೊಡೆಯಿತು. ಬೇರೆ ದಾರಿಯಿಲ್ಲದೆ ಪುಸ್ತಕವನ್ನು, ಹಿಂದೆಯೇ ಬಂದು ಜಗುಲಿಯಲ್ಲಿ ಕೂತಿದ್ದ ಗಂಡನ ಮುಂದೆ ಹಿಡಿದಳು.

ಚಿಕ್ಕಮಾದಯ್ಯ ಬೆರಳಿಟ್ಟು ಓದಿದ. ಶಾಂತರಾಜು ‘ಏಳು’ ಎಂದು ಬರೆದಲ್ಲೆಲ್ಲ ಮೇಡಂ ಗೆರೆ ಹೊಡೆದು ‘ಹೇಳು’ ಎಂದು ತಿದ್ದಿದ್ದಳು. ಕೆಳಗೆ ಹತ್ತು ಸಲ ‘ಹೇಳು’ ಬರೆಸಿದ್ದಳು. ಪಕ್ಕದಲ್ಲಿ ಅವಳದೇ ದುಂಡು ಅಕ್ಷರ: ಮಾತಾಡುವುದಕ್ಕೆ ಹೇಳು, ಮಲಗಿದವನಿಗೆ ಏಳು.

ಮಲ್ಲಾಜಮ್ಮ ಪುಸ್ತಕ ಕಸಿದುಕೊಂಡು ಆ ಕೆಂಪು ಗೆರೆಗಳ ಮೇಲೆ ಬೆರಳಾಡಿಸಿದಳು. ಆ ಹುಡುಗಿ ಮಾವನ ಮಾತನ್ನೇ ನಗುನಗುತ್ತ ತಿದ್ದುತ್ತಿದ್ದಳು. ಅಂಥವಳ ಬಾಯಿಂದ ಸಾಯುವಾಗಲೂ ಹಕಾರ ಬೀಳುವುದಿಲ್ಲ.

“ಅವ್ಳು ಏಳು ಅಂದಿದ್ದು ಏಳು ಅಂತ್ಲೇ ಕಣ,” ಎಂದಳು. ಎರಡು ದಿನದ ಮೇಲೆ ಗಂಡನಿಗೆ ಆಡಿದ ಮೊದಲ ಮಾತು ಅದು. “ಮನಗಿದ್ದೋನ್ನ ಎಬ್ಬಸ್ತಿದ್ಲು. ಕಾಪಾಡು ಅಂತ.”

ಅಂಗಿ ಅಲ್ಲೇ ಬಿತ್ತು. ಇಬ್ಬರೂ ಶಂಭುಲಿಂಗಪ್ಪನವರ ಹೊಲಕ್ಕೆ ಓಡಿದರು. ಅಂದು ಮೂರನೆಯ ದಿನ, ಸಮಾಧಿಗೆ ಹಾಲುತುಪ್ಪ ಬಿಡುವ ದಿನ. ಊರೆಲ್ಲ ಅಲ್ಲೇ ಸೇರಿತ್ತು. ಸೋಮಶೇಖರ್ ಹಾಲಿನ ಚೊಂಬು ಹಿಡಿದು ನಿಂತಿದ್ದ. ಮಲ್ಲಾಜಮ್ಮ ಸೀದಾ ಹೋಗಿ ಶಂಭುಲಿಂಗಪ್ಪನವರ ಕಾಲು ಹಿಡಿದಳು. ತನ್ನ ತಪ್ಪನ್ನು ಹೇಳಿಕೊಂಡಳು. ನೋಟ್‌ಬುಕ್ಕು ತೋರಿಸಿದಳು. ಬಾರೋ ಬಾರೋ ಎಂದು ಗಂಡನನ್ನು ಎಳೆದು ನಿಲ್ಲಿಸಿ ಅವನ ಬಾಯಿಂದಲೂ ಹೇಳಿಸಿದಳು. ಮಧ್ಯಾಹ್ನದೊಳಗೆ ತಮ್ಮ ಕೋರ್ಟಿನಲ್ಲಿ ಒಪ್ಪಿಕೊಂಡುಬಿಡುತ್ತಾನೆ, ಬುದ್ಧಿ, ಆಮೇಲೆ ಯಾವ ದೇವರು ಬಂದರೂ ಇಲ್ಲ ಎಂದು ಗೋಳಾಡಿದಳು. ಜನ ಗುಜುಗುಜು ಎಂದರು. ತಮ್ಮನ ಮೇಲಿನ ಆಸೆಗೆ ಮಾತು ತಿರುಚುತ್ತಾಳೆ ಎಂದು ಯಾರೋ ನಕ್ಕರು.

ಆಗ ಸೋಮಶೇಖರನಿಗೆ ತಡೆಯಲಾಗಲಿಲ್ಲ. “ಎಬ್ಬಿಸಿದ್ಲು ಅಂತ್ಲೇ ಇಟ್ಕೊ. ಮೂರು ಸಲ ಕೂಗಿದ್ಲಲ್ಲ, ಎದ್ನಾ ನಿನ್ ತಮ್ಮ?”

ಮಲ್ಲಾಜಮ್ಮ ತಲೆಯೆತ್ತಿದಳು. “ನಂಗ್ ಕೇಳಿದ್ದು ಒಂದೇ ಸಲ ಸ್ವಾಮಿ,” ಎಂದಳು.

ಶಂಭುಲಿಂಗಪ್ಪ ಮಗನ ಹತ್ತಿರ ಬಂದು ಚೊಂಬನ್ನು ಕೈಯಿಂದ ತೆಗೆದುಕೊಂಡರು. “ಮೂರ್ ಸಲ ಅಂತ ನಿಂಗ್ಯಾರ್ಲಾ ಏಳ್ದೋರು?” ಎಂದರು.

ಸೊಸೆಗೆ ಮೈಸೂರಿಗೆ ವರ್ಗವಾಗಿತ್ತು, ಭಾನುವಾರ ಅದೇ ಜಗಳ ನಡೆದು ಅವಳು ಕಬ್ಬಿನ ಗದ್ದೆಯ ಕಡೆ ಓಡಿದ್ದಳು, ಮಗ ಅವಳ ಹಿಂದೆಯೇ ಹೋಗಿದ್ದ ಎಂಬುದನ್ನು ಎರಡು ದಿನ ಎದೆಯಲ್ಲೇ ಅದುಮಿಟ್ಟುಕೊಂಡಿದ್ದ ಮುದುಕರು ಎಲ್ಲರೆದುರಿಗೆ ಅದನ್ನು ಹೇಳಿದರು. ಮಗನ ಮಣಿಕಟ್ಟು ಹಿಡಿದು ಪೊಲೀಸ್ ಠಾಣೆಗೆಂದು ಟೆಂಪೊ ಹತ್ತಿಸಿದವರೂ ಅವರೇ.

ಶಾಂತರಾಜು ಕೋರ್ಟಿನಲ್ಲಿ ಬಾಯಿ ತೆರೆಯುವ ಮೊದಲೇ ಸುದ್ದಿ ಮುಟ್ಟಿ, ಸಂಜೆ ಅವನು ಹೊರಗೆ ಬಂದ. ಅಕ್ಕನ ಮುಖ ನೋಡಿ ಒಂದೇ ಕೇಳಿದ: ಮೇಡಂ ತನ್ನನ್ನು ಎಷ್ಟು ಸಲ ಕೂಗಿದರು? ಒಂದೇ ಸಲ, ಅದೂ ಮೆಲ್ಲಗೆ ಎಂದಳು. ಸತ್ತವರ ಮಾತನ್ನು ಒಂದಕ್ಷರ ತಿದ್ದಲು ಬಿಡದ ಚಿಕ್ಕಮಾದಯ್ಯ ಹೌದೆಂದು ತಲೆಯಾಡಿಸಿದ. ತಮ್ಮನನ್ನು ಉಮ್ಮತ್ತೂರಿನ ಬಸ್ಸಿಗೆ ಹತ್ತಿಸಿದರು.

ಗುಂಡ್ಲುಪೇಟೆಯ ಬಸ್ಸು ಬಂತು. ಚಿಕ್ಕಮಾದಯ್ಯ ಹತ್ತಲಿಲ್ಲ. ಕಂಕುಳಲ್ಲಿದ್ದ ಮೊರವನ್ನೇ ನೋಡುತ್ತ ನಿಂತಿದ್ದ. ಅವನೇನು ಯೋಚಿಸುತ್ತಿದ್ದಾನೆಂದು ಅವಳು ಕೇಳಲಿಲ್ಲ, ಹೊಲದಿಂದಲೇ ಅವಳ ಎದೆಗೂ ಅದೇ ಒದೆಯುತ್ತಿತ್ತು. ಸಾಯುವವರು ಕೊಲ್ಲುವವನನ್ನು ಕರೆಯುವುದಿಲ್ಲ, ಕಾಪಾಡುವವನನ್ನು ಕರೆಯುತ್ತಾರೆ. ಪುಣಜನೂರಿನ ಕರಿಬಸವಯ್ಯನ ಹೆಂಡತಿ ದೊಡ್ಡಮಾದಮ್ಮ ಅಂದು ಕಾಲಿಗೆ ಬಿದ್ದು ಬೇಡಿದ್ದಳು. ತಾನು ಕಾಲು ಎಳೆದುಕೊಂಡಿದ್ದಳು.

ಆ ಬಸ್ಸು ಹೋಯಿತು. ಸತ್ಯಮಂಗಲದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಪುಣಜನೂರು, ಪುಣಜನೂರು ಎಂದು ಕೂಗಿದ.

“ದೊಡ್ಡಮಾದಮ್ಮುಂಗೆ ಏನಂತ ಏಳನ?” ಎಂದ ಚಿಕ್ಕಮಾದಯ್ಯ.

“ನಿಮ್ಮತ್ತ ಸಾಯವಾಗ ಮಗನ್ನ ನೆನ್ಸ್ಕಂಡ್ಲು,” ಎಂದಳು ಮಲ್ಲಾಜಮ್ಮ, “ಅದ್ಕೆ ನಾವು ಅವುನ್ನ ಜೈಲ್ಗಾಕುಸ್ದೊ ಅಂತ ಏಳನ.”